ಮೆಟ್ರೊ ಯಾರದು? ಒಂಬತ್ತನೆಯ ತರಗತಿಗೆ ಒಂದು ಸಮಾಜ ವಿಜ್ಞಾನ ಪಾಠ

'ಸಾರ್ವಜನಿಕ ವಲಯ ಮತ್ತು ಖಾಸಗಿ ವಲಯ' ಎಂಬ ಪಾಠಾಂಶ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಕಪ್ಪುಹಲಗೆಯ ನಡುವೆ ಒಂದು ಗೆರೆ ಎಳೆಯುತ್ತಾರೆ. ಎಡಗಡೆ 'ಸೇವೆಯೇ ಉದ್ದೇಶ', ಬಲಗಡೆ 'ಲಾಭವೇ ಉದ್ದೇಶ'. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸುತ್ತಾರೆ. ಅಂಕ ಸಿಗುತ್ತದೆ, ವಿಷಯ ಸಿಗುವುದಿಲ್ಲ. ಈ ಗೆರೆಯ ಆಚೆಗೆ ಮಕ್ಕಳನ್ನು ಕರೆದೊಯ್ಯಲು ನಗರ ರೈಲಿನ ಉದಾಹರಣೆ ಬಹಳ ಉಪಯುಕ್ತ.

ಕೊಯಿಲದಂಥ ಊರಿನ ತರಗತಿಯಲ್ಲಿ ಮೆಟ್ರೊ ಹತ್ತಿದ ಮಕ್ಕಳು ಬೆರಳೆಣಿಕೆಯಷ್ಟು ಇರಬಹುದು. ಆದ್ದರಿಂದ ಪೀಠಿಕೆ ಬಸ್ಸಿನಿಂದಲೇ ಆಗಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಂಗಸರು ಬಸ್ಸು ಹತ್ತುವ ಮೊದಲು ಅದು ಸರ್ಕಾರಿಯೋ ಖಾಸಗಿಯೋ ಎಂದು ನೋಡುತ್ತಾರೆ. ಒಡೆತನ ಎಂಬ ಪದದ ಅರ್ಥ ಮಕ್ಕಳಿಗೆ ಬಸ್ಸಿನ ಮೆಟ್ಟಿಲಲ್ಲೇ ಗೊತ್ತಿದೆ. ಮಂಗಳೂರು ನಗರದಲ್ಲಿ ಒಂದು ಖಾಸಗಿ ಬಸ್ಸು ತಪ್ಪಿದರೆ ಹಿಂದೆಯೇ ಇನ್ನೊಬ್ಬ ಮಾಲಿಕರ ಬಸ್ಸು ಬರುತ್ತದೆ ಎಂಬುದನ್ನೂ ಅವರು ಬಲ್ಲರು. ಈಗ ಕೇಳಿ: 'ರೈಲಿನಲ್ಲಿಯೂ ಹೀಗೆ ಆದೀತೇ?' ಒಂದೇ ದಾರಿಗೆ ಪಕ್ಕಪಕ್ಕದಲ್ಲಿ ಎರಡು ಮೆಟ್ರೊ ಹಳಿ ಹಾಕಲು ಜಾಗವೂ ಇಲ್ಲ, ದುಡ್ಡೂ ಇಲ್ಲ. ಹಳಿ ಯಾರ ಕೈಯಲ್ಲಿದೆಯೋ ಪ್ರಯಾಣಿಕರೆಲ್ಲ ಅವರ ಕೈಯಲ್ಲಿ. ನಗರ ರೈಲಿನ ಒಡೆತನ ರಾಜಕೀಯದ ವಿಷಯವಾಗುವುದು ಇಲ್ಲಿಂದ.

ಪಾಠದ ಮುಖ್ಯ ಚಟುವಟಿಕೆ ಇದು. ಎರಡು ಚೀಟಿಗಳಲ್ಲಿ ಎರಡು ನಗರಗಳ ಸುದ್ದಿಯನ್ನು ಹೆಸರು ಹೇಳದೆ ಬರೆದು ಗುಂಪುಗಳಿಗೆ ಕೊಡಿ.

'ಅ' ನಗರ: 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಕೆಲವು ನಿಲ್ದಾಣಗಳ ನಡುವೆ ದರ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಜನ ಸಿಟ್ಟಾದರು. ಐದು ದಿನಗಳಲ್ಲಿ ಏರಿಕೆಗೆ ಶೇ. 71ರ ಮಿತಿ ಹಾಕಲಾಯಿತು.

'ಆ' ನಗರ: ಅದೇ ವರ್ಷದ ಮೇ ತಿಂಗಳಲ್ಲಿ ಗರಿಷ್ಠ ದರ 60ರಿಂದ 75ಕ್ಕೆ ಏರಿತು. ಜನ ಸಿಟ್ಟಾದರು. ಕೆಲವೇ ದಿನಗಳಲ್ಲಿ ಶೇ. 10ರ ರಿಯಾಯಿತಿ ಕೊಡಲಾಯಿತು.

'ಇವೆರಡರಲ್ಲಿ ಖಾಸಗಿ ಕಂಪನಿಯ ಮೆಟ್ರೊ ಯಾವುದು?' ಎಂದು ಕೇಳಿದರೆ ಎಡಗಡೆ-ಬಲಗಡೆ ಪಟ್ಟಿ ಬಾಯಿಪಾಠ ಮಾಡಿದ ಮಕ್ಕಳು 'ಅ' ಎನ್ನುವ ಸಾಧ್ಯತೆಯೇ ಹೆಚ್ಚು. 'ಅ' ನಮ್ಮ ಬೆಂಗಳೂರು. ಅಲ್ಲಿನ 'ನಮ್ಮ ಮೆಟ್ರೊ' ನಡೆಸುವ ನಿಗಮದಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳದ್ದು ಸಮಪಾಲು. 'ಆ' ಹೈದರಾಬಾದ್, ಆಗ ಅದನ್ನು ನಡೆಸುತ್ತಿದ್ದುದು ಎಲ್ ಆ್ಯಂಡ್ ಟಿ ಸಮೂಹದ ಕಂಪನಿ. (ಎರಡೂ ಕಡೆ ದೂರದ ಹಂತಗಳು ಬೇರೆ ಬೇರೆ. ಆದ್ದರಿಂದ ಯಾವುದು ದುಬಾರಿ ಎಂಬ ತೀರ್ಮಾನಕ್ಕೆ ಮಕ್ಕಳು ಹಾರದಂತೆ ನೋಡಿಕೊಳ್ಳಿ.)

ಹಾಗಾದರೆ ದರ ಏರಿಸಿದವರು ಯಾರು? 2002ರ ಮೆಟ್ರೊ ರೈಲು ಕಾಯ್ದೆಯ ಪ್ರಕಾರ ಮೊದಲ ದರವನ್ನು ಮೆಟ್ರೊ ಆಡಳಿತ ನಿಗದಿ ಮಾಡುತ್ತದೆ. ಆಮೇಲಿನ ಪರಿಷ್ಕರಣೆಯನ್ನು ಕೇಂದ್ರ ನೇಮಿಸುವ ದರ ನಿಗದಿ ಸಮಿತಿ ಮಾಡುತ್ತದೆ, ಅದರ ಶಿಫಾರಸನ್ನು ಪಾಲಿಸಲೇಬೇಕು. ಮಾಲಿಕರು ಸರ್ಕಾರವಾದರೂ ಕಂಪನಿಯಾದರೂ ದಾರಿ ಇದೊಂದೇ. ಬೆಂಗಳೂರಿನಲ್ಲಿ ಇದರ ಪರಿಣಾಮ ನೋಡುವಂತಿತ್ತು. ಸಮಿತಿ ಕೇಂದ್ರದ್ದು ಎಂದು ರಾಜ್ಯದವರು, ಪ್ರಸ್ತಾವ ರಾಜ್ಯದ್ದು ಎಂದು ಬಿಜೆಪಿಯವರು ಬೆರಳು ತೋರಿಸಿದರು. ಸಮಿತಿಯ ವರದಿ ಜನರ ಕಣ್ಣಿಗೆ ಬಿದ್ದದ್ದು ಸೆಪ್ಟೆಂಬರಿನಲ್ಲಿ, ವಿಷಯ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ. ಇಬ್ಬರು ಮಾಲಿಕರಿದ್ದ ಮನೆಯಲ್ಲಿ ಪ್ರಶ್ನೆ ಕೇಳಲು ಹೋದವನು ಜಗಲಿಯಲ್ಲೇ ಕಾಯಬೇಕಾಯಿತು.

ಇಲ್ಲಿಗೆ ನಿಲ್ಲಿಸಿದರೆ ಮಕ್ಕಳು 'ಎರಡೂ ಒಂದೇ' ಎಂಬ ಇನ್ನೊಂದು ಸುಲಭದ ಉತ್ತರಕ್ಕೆ ಬರುತ್ತಾರೆ. ಅದೂ ಸರಿಯಲ್ಲ. ವ್ಯತ್ಯಾಸ ಕಾಣುವುದು ನಷ್ಟ ಬಂದಾಗ. ದೆಹಲಿಯ ವಿಮಾನ ನಿಲ್ದಾಣದ ಮೆಟ್ರೊ ಮಾರ್ಗವನ್ನು 2011ರಿಂದ ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್ ನೇತೃತ್ವದ ಕಂಪನಿ ನಡೆಸುತ್ತಿತ್ತು. ಕಟ್ಟಡದ ದೋಷಗಳ ವಿವಾದದ ನಡುವೆ 2013ರಲ್ಲಿ ಕಂಪನಿ ಕೈಬಿಟ್ಟಿತು. ಸರ್ಕಾರಿ ಒಡೆತನದ ದೆಹಲಿ ಮೆಟ್ರೊ ನಿಗಮ ರೈಲು ಓಡಿಸಿತು. ಪರಿಹಾರದ ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 2021ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿ ತೀರ್ಪು ಕೊಟ್ಟು, 2024ರಲ್ಲಿ ತಾನೇ ಅದನ್ನು ಬದಲಿಸಿತು. ಹೈದರಾಬಾದಿನಲ್ಲಿ 35 ವರ್ಷದ ಒಪ್ಪಂದವಿತ್ತು, ನಿಲ್ದಾಣಗಳ ಬಳಿ ಮಾಲ್ ಕಟ್ಟಿ ಗಳಿಸುವ ಅವಕಾಶವೂ ಇತ್ತು. ರೈಲು ಓಡತೊಡಗಿದ್ದು 2017ರ ನವೆಂಬರಿನಲ್ಲಿ. ಎಂಟು ವರ್ಷ ತುಂಬುವ ಮೊದಲೇ, 2025ರ ಸೆಪ್ಟೆಂಬರಿನಲ್ಲಿ, ಸುಮಾರು 13,000 ಕೋಟಿ ರೂಪಾಯಿ ಸಾಲದ ಸಮೇತ ಅದನ್ನು ವಹಿಸಿಕೊಳ್ಳಲು ತೆಲಂಗಾಣ ಸರ್ಕಾರ ತಾತ್ವಿಕವಾಗಿ ಒಪ್ಪಿತು. ಕಂಪನಿ ಹೊರನಡೆಯಬಹುದು, ನಗರ ಹೊರನಡೆಯಲಾರದು.

ಖಾಸಗಿಯ ಪರವಾದ ವಾದವನ್ನೂ ಅಷ್ಟೇ ಗಟ್ಟಿಯಾಗಿ ಹೇಳಿಸಬೇಕು. ಸರ್ಕಾರದ ಬೊಕ್ಕಸಕ್ಕೆ ಆಸ್ಪತ್ರೆ, ಶಾಲೆ, ರಸ್ತೆಗಳ ಖರ್ಚೂ ಇದೆ. ಬಂಡವಾಳ ಹೂಡಿದವರು ಖರ್ಚಿನ ಮೇಲೆ ಕಣ್ಣಿಡುತ್ತಾರೆ. ಕೇಂದ್ರದ 2017ರ ಮೆಟ್ರೊ ನೀತಿಯು ನೆರವು ಬೇಕಿದ್ದರೆ ಯಾವುದಾದರೊಂದು ರೂಪದಲ್ಲಿ ಖಾಸಗಿ ಪಾಲುದಾರಿಕೆ ಇರಲಿ ಎಂದದ್ದು ಇದೇ ಆಲೋಚನೆಯಿಂದ. ಬೆಂಗಳೂರಿನ ಹಳದಿ ಮಾರ್ಗದಲ್ಲಿ ಒಂದು ನಿಲ್ದಾಣದ ಹೆಸರಿಗೆ ಇನ್ಫೊಸಿಸ್ ಫೌಂಡೇಷನ್, ಇನ್ನೊಂದಕ್ಕೆ ಬಯೋಕಾನ್ ಅಂಟಿಕೊಂಡಿರುವುದನ್ನು ಇಲ್ಲಿ ತೋರಿಸಬಹುದು. ಪೂರಾ ಸರ್ಕಾರಿ ಎಂಬುದು ಬಹುಪಾಲು ಕಾಗದದ ಮೇಲಿನ ಮಾತು.

ಈಗ ಕಪ್ಪುಹಲಗೆಯ ಗೆರೆಯ ಜಾಗಕ್ಕೆ ನಾಲ್ಕು ಪ್ರಶ್ನೆಗಳು ಬರಲಿ: ಕಟ್ಟಲು ದುಡ್ಡು ಯಾರದು? ದರ ಯಾರು ನಿಗದಿ ಮಾಡುತ್ತಾರೆ? ನಷ್ಟ ಯಾರ ತಲೆಗೆ? ತಪ್ಪಾದರೆ ಯಾರನ್ನು ಕೇಳಬೇಕು? ಇವು ಮಕ್ಕಳ ಬಾಯಿಂದಲೇ ಬಂದರೆ ಒಳ್ಳೆಯದು. ನಾಲ್ಕನೆಯದಕ್ಕೆ ಹೆಚ್ಚು ಸಮಯ ಬಿಡಿ, ಪೌರನೀತಿ ಇರುವುದು ಅಲ್ಲೇ.

'ಬೆಂಗಳೂರಿನ ವಿಷಯ ನಮಗ್ಯಾಕೆ ಸಾರ್?' ಎಂದು ಹಿಂದಿನ ಬೆಂಚಿನಿಂದ ಕೇಳಿಬಂದರೆ ಗದರಬೇಡಿ, ಪಾಠದ ಒಳ್ಳೆಯ ಪ್ರಶ್ನೆ ಅದು. ನಮ್ಮ ಮೆಟ್ರೊಗೆ ಜಪಾನಿನ ಜೈಕಾ, ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಮೊದಲಾದವುಗಳ ಸಾಲವಿದೆ. ರಾಜ್ಯದ ಬೊಕ್ಕಸದ ಹಣವೂ ಸೇರಿದೆ. ಆ ಬೊಕ್ಕಸದಲ್ಲಿ ಮೆಟ್ರೊ ಹತ್ತದವರು ಕೊಟ್ಟ ತೆರಿಗೆಯೂ ಇದೆ. ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದ ಮುಂದಿನ ಹಳಿ. ಹಾಸನ–ಮಂಗಳೂರು ಮಾರ್ಗ ಬ್ರಾಡ್‌ಗೇಜ್ ಆದದ್ದು ರೈಲ್ವೆ ಮತ್ತು ರಾಜ್ಯ ಸರ್ಕಾರ ಪಾಲುದಾರರಾಗಿದ್ದ ಪ್ರತ್ಯೇಕ ಕಂಪನಿಯ ಮೂಲಕ. ಅದರಲ್ಲಿ ಪಾಲು ಹೊಂದಿದ್ದ ಕೆ-ರೈಡ್ ಸಂಸ್ಥೆಯೇ ಇಂದು ಬೆಂಗಳೂರಿನ 148 ಕಿಲೋಮೀಟರ್ ಉಪನಗರ ರೈಲು ಯೋಜನೆಯ ಹೊಣೆ ಹೊತ್ತಿದೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: 'ಮಂಗಳೂರಿಗೆ ಮೆಟ್ರೊ ಬರುವುದಾದರೆ ಅದು ಯಾರ ಒಡೆತನದಲ್ಲಿರಬೇಕು? ನಷ್ಟವಾದರೆ ಯಾರು ತುಂಬಬೇಕು?' ಅಂಕ ಕೊಡುವಾಗ ಮೊದಲ ಭಾಗದ ಉತ್ತರ ಸರ್ಕಾರಿಯೋ ಖಾಸಗಿಯೋ ಎಂದು ನೋಡಬೇಡಿ. ಎರಡನೆಯ ಭಾಗವನ್ನು ಖಾಲಿ ಬಿಟ್ಟವರ ಜೊತೆ ಮಾತ್ರ ಮರುದಿನ ಕುಳಿತು ಮಾತಾಡಿ.