ಚಿನ್ನದ ಗಣಿಯ ಊರಿನಿಂದ ನರಸಾಪುರಕ್ಕೆ: ಒಂದು ವಿದ್ಯುತ್ ಬೈಕಿನ ಅನುಭವ

ಪೆಟ್ರೋಲಿನ ಬೈಕನ್ನು ಮಾರಿ ವಿದ್ಯುತ್ ಬೈಕನ್ನು ಕೊಂಡವನು ಕಡೆಗೆ ಅದನ್ನು ಮಳೆಯಲ್ಲಿ ತಳ್ಳಿಕೊಂಡು ಬಂದನೆಂಬ ವಾರ್ತೆಯು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ನಮ್ಮ ಬೀದಿಯಲ್ಲಿ ಮಾತ್ರವಲ್ಲದೆ ಬಂಧುವರ್ಗದ ಮದುವೆ ಮುಂಜಿಗಳಲ್ಲಿಯೂ ಸಂಚರಿಸುತ್ತಿರುವುದರಿಂದ, ಆ ರಾತ್ರಿ ನಿಜವಾಗಿ ನಡೆದುದೇನು, ದೋಷವು ಯಂತ್ರದ್ದೋ ಮನುಷ್ಯರದ್ದೋ, ದಿನವೂ ದೂರದ ಕೆಲಸಕ್ಕೆ ಹೋಗಿಬರುವ ಸಾಮಾನ್ಯನು ಪೆಟ್ರೋಲಿನ ಬೈಕು, ವಿದ್ಯುತ್ ಬೈಕುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದನ್ನು ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ನಮ್ಮ ಊರಿನವರಿಗೆ ಉದ್ಯೋಗವೆಂದರೆ ಪ್ರಯಾಣವೆಂದೇ ಆಯಿತು. ಬೆಂಗಳೂರಿನಲ್ಲಿ ದುಡಿಯುವವರಿಗೆ ಮಾರಿಕುಪ್ಪದಿಂದ ಬಂಗಾರಪೇಟೆಯ ಮೂಲಕ ಹೋಗುವ ರೈಲುಗಳುಂಟು. ಆದರೆ ನನ್ನಂತೆ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸವನ್ನು ಹಿಡಿದವನಿಗೆ, ಬಂಗಾರಪೇಟೆ, ಕೋಲಾರಗಳನ್ನು ಹಾದು ಹೆದ್ದಾರಿಯನ್ನು ಸೇರುವ, ಒಂದು ದಿಕ್ಕಿಗೆ ಸುಮಾರು ನಲವತ್ತೈದು ಕಿಲೋಮೀಟರಿನ ದಾರಿಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಕ್ರಮಿಸಲು ಸ್ವಂತ ವಾಹನವೊಂದೇ ಗತಿ.

ಲೀಟರಿಗೆ ನೂರು ರೂಪಾಯಿಯನ್ನು ದಾಟಿದ ಪೆಟ್ರೋಲಿನಲ್ಲಿ ಐವತ್ತು ಕಿಲೋಮೀಟರ್ ಓಡುವ ಬೈಕಿಗೆ, ಆಯಿಲ್, ಚೈನು, ಸರ್ವಿಸುಗಳ ಮಾತನ್ನು ಬಿಟ್ಟರೂ, ಕಿಲೋಮೀಟರೊಂದಕ್ಕೆ ಎರಡು ರೂಪಾಯಿಗೆ ಕಡಿಮೆಯಾಗದು. ನಾನು ಕೊಂಡ ವಿದ್ಯುತ್ ಬೈಕಿನ ಬ್ಯಾಟರಿಯು ಸುಮಾರು ಮೂರೂವರೆ ಯೂನಿಟ್ಟಿನದು. ಚಾರ್ಜರಿನಲ್ಲಿ ಬಿಸಿಯಾಗಿ ಕಳೆದುಹೋಗುವುದನ್ನೂ ಸೇರಿಸಿ ನಾಲ್ಕು ಯೂನಿಟ್ಟೆಂದಿಟ್ಟುಕೊಂಡರೂ, ಮನೆಯ ದರವು ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸಿನಲ್ಲಿರುವುದರಿಂದ, ಒಂದು ಚಾರ್ಜಿಗೆ ತೊಂಬತ್ತೈದು ಕಿಲೋಮೀಟರಿನಂತೆ, ಕಿಲೋಮೀಟರಿಗೆ ಬೀಳುವುದು ಸುಮಾರು ಇಪ್ಪತ್ತೈದು ಪೈಸೆ. ಈ ಲೆಕ್ಕವು ಇಂದಿಗೂ ಸತ್ಯ. ಇದನ್ನು ಯಾರೂ ಅಲ್ಲಗಳೆಯಲಾರರು.

ಅಂಗಡಿಯವನು ನೂರೈವತ್ತು ಕಿಲೋಮೀಟರ್ ಓಡುವುದೆಂದು ಸಾರಿದುದು ಪರೀಕ್ಷೆಯ ಅಂಕಿಯೆಂಬುದನ್ನೂ, ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕನುಗುಣವಾಗಿ ಏರುವುದರಿಂದ ಹೆದ್ದಾರಿಯ ವೇಗದಲ್ಲಿ ತೊಂಬತ್ತೈದನ್ನು ನಂಬಬಹುದಲ್ಲದೆ ಅದಕ್ಕೆ ಮೀರಿ ಆಶಿಸಲಾಗದೆಂಬುದನ್ನೂ ಕೊಳ್ಳುವುದಕ್ಕೆ ಮೊದಲೇ ವಿಚಾರಿಸಿ ತಿಳಿದಿದ್ದೆ. ತೊಂಬತ್ತರ ದಾರಿಗೆ ತೊಂಬತ್ತೈದರ ಬ್ಯಾಟರಿಯು ಸಾಲದಾದುದರಿಂದ, ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನ ಮೂಲೆಯಲ್ಲಿದ್ದ ಪ್ಲಗ್ಗಿನಲ್ಲಿ ಚಾರ್ಜ್ ಮಾಡಿಕೊಳ್ಳಲು ಆಗಿನ ಮೇಲಧಿಕಾರಿಗಳಲ್ಲಿ ಅನುಮತಿಯನ್ನು ಕೇಳಿ, ಅವರು ಸಂತೋಷದಿಂದ ಒಪ್ಪಿದ ಮೇಲೆಯೇ ಹಣವನ್ನು ಕಟ್ಟಿದೆ. ಬೇಸಗೆಯೆಲ್ಲ ನಿರಾತಂಕವಾಗಿ ಕಳೆಯಿತು. ಅನಂತರ ಆ ಮಹನೀಯರು ವರ್ಗವಾಗಿ ಹೋದರು. ಅವರ ಸ್ಥಾನಕ್ಕೆ ಬಂದವರು, ಒಂದು ಮಾತನ್ನೂ ನನಗೆ ತಿಳಿಸದೆ, ಕಂಪನಿಯ ವಿದ್ಯುತ್ತು ಖಾಸಗಿ ವಾಹನಗಳಿಗಲ್ಲವೆಂದು ಕಾವಲುಗಾರನ ಕೈಯಿಂದ ನನ್ನ ಚಾರ್ಜರನ್ನು ಕೀಳಿಸಿದರು. ದಿನಕ್ಕೆ ಎರಡು ಯೂನಿಟ್ಟು! ಇದಕ್ಕಾಗಿ ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟವನನ್ನು ನಡುದಾರಿಯ ಪಾಲುಮಾಡಬಹುದೆಂಬ ವಿವೇಚನೆಯು ಅಧಿಕಾರಸ್ಥರಾದವರಿಗೆ ಏಕೆ ಹೊಳೆಯಲಿಲ್ಲವೋ ನಾನು ಅರಿಯೆ.

ಆ ರಾತ್ರಿ ಪಾಳಿ ಮುಗಿಸಿ ಹೊರಬಂದಾಗ ಬ್ಯಾಟರಿಯಲ್ಲಿದ್ದುದು ಅರ್ಧಕ್ಕೆ ತುಸು ಮೇಲು. ಮಳೆಯು ಆಗಲೇ ಆರಂಭವಾಗಿತ್ತು. ಬಂಗಾರಪೇಟೆಯವರೆಗೆ ನಿಧಾನವಾಗಿ ಹೋಗಿ, ಬೈಕನ್ನು ನಿಲ್ದಾಣದ ಸ್ಟ್ಯಾಂಡಿನಲ್ಲಿ ಬಿಟ್ಟು, ಸಿಕ್ಕಿದ ಆಟೋದಲ್ಲಿ ಮನೆ ಸೇರುವುದೆಂದು ನಿಶ್ಚಯಿಸಿದೆ. ಹೆದ್ದಾರಿಯಲ್ಲಿ ಎದುರುಗಾಳಿಯು ಬಲವಾಗಿತ್ತು. ಕೋಲಾರವನ್ನು ದಾಟಿ ಬಂಗಾರಪೇಟೆಯನ್ನು ಮುಟ್ಟುವ ವೇಳೆಗೆ ಶೇಕಡಾ ಹದಿಮೂರು ಉಳಿದಿತ್ತು. ನನ್ನ ನಿಶ್ಚಯದಂತೆಯೇ ನಡೆದಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗವೇ ಒದಗುತ್ತಿರಲಿಲ್ಲ.

ಆದರೆ ನಿಲ್ದಾಣದ ಮುಂದೆ ನನ್ನ ಷಡ್ಡಕರು ಒಂದು ಟ್ರಂಕಿನೊಡನೆ ನಿಂತಿದ್ದರು. ನನ್ನ ಹೆಂಡತಿಯ ಅಕ್ಕನ ಗಂಡನಾದ ಅವರ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಮೀರುವ ಪದ್ಧತಿಯಿಲ್ಲ. ಬೆಂಗಳೂರಿನಿಂದ ಬಂದಿಳಿದು, ನಾನು ಆ ದಾರಿಯಲ್ಲಿಯೇ ಬರುವೆನೆಂದು ತಿಳಿದು ಕಾದಿದ್ದರು. ವಿಷಯವನ್ನು ವಿವರಿಸಿ, ಆಟೋದ ಬಾಡಿಗೆಯನ್ನು ನಾನೇ ಕೊಡುತ್ತೇನೆಂದು ಬೇಡಿಕೊಂಡರೂ, “ನೂರೈವತ್ತು ಓಡ್ತದೆ ಅಂತ ಎಲ್ಲರ ಮುಂದೆ ಹೇಳಿದೋನು ನೀನೇ ಅಲ್ವೇನಪ್ಪ? ಇಲ್ಲಿಂದ ಕೆಜಿಎಫ್‌ಗೆ ಹೋಗೋಕಾಗದೇ ಇದ್ರೆ ಅದನ್ನ್ಯಾಕೆ ತಗೊಂಡೆ?” ಎಂದು, ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತೇಬಿಟ್ಟರು.

ಊರಿನ ದೀಪಗಳು ಹಿಂದೆ ಸರಿದ ಮೇಲೆ ಅಂಕಿಯು ಹತ್ತಕ್ಕಿಳಿಯಿತು, ಆರಕ್ಕಿಳಿಯಿತು. ಒಂದು ಏರಿನಲ್ಲಿ, ಬ್ಯಾಟರಿಯನ್ನು ಕಾಪಾಡಿಕೊಳ್ಳುವ ಸಲುವಾಗಿ ಯಂತ್ರವು ತಾನಾಗಿ ಶಕ್ತಿಯನ್ನು ತಗ್ಗಿಸಿ, ನಡೆಯುವವನ ವೇಗಕ್ಕೆ ಬಂದು, ಬೆಮೆಲ್ ನಗರವು ಇನ್ನೂ ದೂರವಿರುವಾಗಲೇ ನಿಂತುಹೋಯಿತು. ಪೆಟ್ರೋಲು ಮುಗಿದವನು ದಾರಿಹೋಕನನ್ನು ಬೇಡಿ ಒಂದು ಬಾಟಲಿಯಷ್ಟನ್ನು ಪಡೆಯಬಹುದು. ವಿದ್ಯುತ್ತನ್ನು ಬಾಟಲಿಯಲ್ಲಿ ತಂದುಕೊಡುವವರಿಲ್ಲ. ಟ್ರಂಕನ್ನು ಸೀಟಿಗೆ ಹಗ್ಗದಿಂದ ಬಿಗಿದು, ಕಣ್ಣಿಗೆ ನೀರು ಸುರಿಯುತ್ತಿರಲು, ಎದುರಿನ ಲಾರಿಗಳ ಬೆಳಕು ಬಿದ್ದಾಗ ಅಂಚಿಗೆ ಸರಿಯುತ್ತ, ಬೆಳಕು ಹೋದ ಮೇಲೆ ರಸ್ತೆಯ ಅಂಚೆಲ್ಲಿ ಗುಂಡಿಯೆಲ್ಲಿ ಎಂದು ಕಾಣದೆ ಕಾಲಿನಿಂದ ತಡಕುತ್ತ ನಾನು ತಳ್ಳಿದೆ. ಷಡ್ಡಕರು ಕೊಡೆ ಹಿಡಿದು, ವಿದ್ಯುತ್ ವಾಹನಗಳನ್ನು ಕುರಿತು ತಮ್ಮ ಅಭಿಪ್ರಾಯವನ್ನು ಹೇಳುತ್ತ ಹಿಂದೆ ಬಂದರು. ಒಂದು ಪಂಕ್ಚರ್ ಅಂಗಡಿಯ ಮುಂದೆ ಮಲಗಿದ್ದ ತಾತನು ಎದ್ದು, ನಮ್ಮ ಅವಸ್ಥೆಯನ್ನು ಕಂಡು, ತಾನಾಗಿಯೇ ಪ್ಲಗ್ಗನ್ನು ತೋರಿಸಿದನು. ಚಾರ್ಜರನ್ನು ಸಿಕ್ಕಿಸಿದರೆ ಅದರ ದೀಪವು ಹತ್ತಲಿಲ್ಲ. ಮಳೆಗೆ ಆ ಭಾಗದ ಕರೆಂಟೇ ಹೋಗಿತ್ತು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರಿನ ತಂತಿಯಲ್ಲಿ ಹರಿದು 1902ರಲ್ಲಿಯೇ, ಬೆಂಗಳೂರಿನ ಬೀದಿಗಳಿಗಿಂತ ಮೂರು ವರ್ಷ ಮೊದಲು, ನಮ್ಮ ಗಣಿಗಳನ್ನು ತಲುಪಿತೆಂಬುದನ್ನು ಬಾಲ್ಯದಿಂದಲೂ ಹೆಮ್ಮೆಯಿಂದ ಕೇಳಿ ಬೆಳೆದ ನನಗೆ, ಆ ಊರಿನ ಹೊರಗೆ ಕೆಲವೇ ಮೈಲಿಗಳಲ್ಲಿ ಒಂದು ಬ್ಯಾಟರಿಗೆ ಸಾಕಾಗುವಷ್ಟು ವಿದ್ಯುತ್ತು ದೊರೆಯದೆ ನಿಂತ ಆ ಗಳಿಗೆಯ ದುಃಖವು ಇನ್ನೂ ಆರಿಲ್ಲ. ಕಡೆಗೆ ಕೋಲಾರದ ಮಾರುಕಟ್ಟೆಗೆ ಟೊಮೇಟೊ ಹಾಕಿ ಖಾಲಿ ಬಾಕ್ಸುಗಳೊಡನೆ ಹಿಂದಿರುಗುತ್ತಿದ್ದ ಟೆಂಪೋವೊಂದರ ಚಾಲಕನು ನಿಲ್ಲಿಸಿ, ಬಾಕ್ಸುಗಳನ್ನು ಒತ್ತಟ್ಟಿಗೆ ಸರಿಸಿ, ಬೈಕನ್ನು ಮೇಲಕ್ಕೆತ್ತಲು ಹೆಗಲು ಕೊಟ್ಟು, ನಮ್ಮನ್ನು ಮನೆಯ ಬಾಗಿಲಿಗೆ ಮುಟ್ಟಿಸಿದನು. ಕೊಟ್ಟ ಹಣವನ್ನು ಮುಟ್ಟಲಿಲ್ಲ.

ಮರುದಿನವೇ ಷಡ್ಡಕರು ಈ ಕಥೆಯನ್ನು ಊರೆಲ್ಲ ಹರಡಿದರು. ತಮ್ಮ ಹಠವನ್ನೂ ಟ್ರಂಕಿನ ಭಾರವನ್ನೂ ಮಾತ್ರ ಅದರಲ್ಲಿ ಸೇರಿಸಲಿಲ್ಲ. ನಾನು ಬೈಕನ್ನು ಮಾರಲಿಲ್ಲ. ಬಳಸಿದ ಯೂನಿಟ್ಟುಗಳ ಹಣವನ್ನು ಕೊಡುವೆನೆಂದು ಕಾರ್ಖಾನೆಗೆ ಅರ್ಜಿಯನ್ನು ಬರೆದು, ಉತ್ತರವು ಬರುವವರೆಗೆ ಬಿಡದೆ ಕೇಳಿ, ಆ ಪ್ಲಗ್ಗಿಗೆ ಪ್ರತ್ಯೇಕ ಮೀಟರನ್ನು ಹಾಕಿಸಿಕೊಂಡೆ. ಈಗ ಅಲ್ಲಿ ಬೇರೆಯವರ ವಿದ್ಯುತ್ ಸ್ಕೂಟರುಗಳೂ ನಿಲ್ಲುತ್ತವೆ.

ಕೊಳ್ಳಲಿಚ್ಛಿಸುವವರಿಗೆ ನಾಲ್ಕು ಮಾತು. ಮೊದಲನೆಯದಾಗಿ, ಸಾರಿದ ಅಂಕಿಯಲ್ಲಿ ಮೂರನೆಯ ಒಂದು ಭಾಗವನ್ನು ಕಳೆದು, ಉಳಿದುದರಲ್ಲಿ ಹೋಗಿಬರುವ ದಾರಿಯೆರಡೂ ಮಳೆಗಾಲದಲ್ಲಿಯೂ ಅಡಗುವುದೇ ಎಂದು ನೋಡಿರಿ. ಎರಡನೆಯದಾಗಿ, ಕೆಲಸದ ಸ್ಥಳದಲ್ಲಿ ಚಾರ್ಜ್ ಮಾಡುವುದಾದರೆ ಅನುಮತಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಮೂರನೆಯದಾಗಿ, ಗಣಿಯ ಹಳೆಯ ಕ್ವಾರ್ಟರ್ಸುಗಳಲ್ಲಿರುವವರು ವೈರಿಂಗನ್ನೂ ಅರ್ಥಿಂಗನ್ನೂ ಎಲೆಕ್ಟ್ರಿಷಿಯನ್ನನಿಂದ ನೋಡಿಸದೆ ಗೋಡೆಗೆ ಚಾರ್ಜರನ್ನು ಹಚ್ಚಬೇಡಿರಿ. ನಾಲ್ಕನೆಯದಾಗಿ, ಗೃಹಜ್ಯೋತಿಯ ಫಲಾನುಭವಿಗಳಾದವರು, ದಿನಕ್ಕೆ ನಾಲ್ಕು ಯೂನಿಟ್ಟಾದರೆ ತಿಂಗಳಿಗೆ ನೂರರಷ್ಟು ಹೆಚ್ಚುವುದೆಂಬುದನ್ನೂ, ಬಳಕೆಯು ಇನ್ನೂರನ್ನು ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುವುದೆಂಬುದನ್ನೂ ಮರೆಯಬೇಡಿರಿ.

ನನ್ನ ತೀರ್ಮಾನವಿಷ್ಟೆ: ಮನೆಯಲ್ಲಿ ಸ್ವಂತ ಪ್ಲಗ್ಗಿದ್ದು, ಕೆಜಿಎಫ್‌ನಿಂದ ಬಂಗಾರಪೇಟೆಗೋ ಕೋಲಾರಕ್ಕೋ ದಿನವೂ ಹೋಗಿಬರುವವನು ಅಳುಕದೆ ವಿದ್ಯುತ್ ಬೈಕನ್ನು ಕೊಳ್ಳಲಿ. ಅದಕ್ಕೂ ದೂರ ಹೋಗುವವನು ಆ ತುದಿಯಲ್ಲಿಯೂ ಪ್ಲಗ್ಗು ಖಚಿತವಾಗುವವರೆಗೆ ಪೆಟ್ರೋಲಿನ ಬೈಕನ್ನು ಮಾರದಿರಲಿ. ಕಾರ್ಖಾನೆ ಕಚೇರಿಗಳನ್ನು ನಡೆಸುವವರಲ್ಲಿ ನನ್ನ ವಿನಂತಿಯೂ ಒಂದೇ: ನಿಮ್ಮ ಸೈಕಲ್ ಸ್ಟ್ಯಾಂಡಿನಲ್ಲಿ ಮೀಟರಿರುವ ಒಂದು ಪ್ಲಗ್ಗನ್ನು ಹಾಕಿಸಿರಿ, ಅದರ ಹಣವನ್ನು ನಾವೇ ಕೊಡುತ್ತೇವೆ.