ಓರೆಬೆಳಕಿನಲ್ಲಿ ಬನವಾಸಿ

ಮುಂಡಗೋಡದಲ್ಲಿ ಹುಟ್ಟಿ ಬೆಳೆದ ನಾನು ಬನವಾಸಿಯನ್ನು ಮೊದಲು ಕಂಡದ್ದು, ಮನೆಗೆ ಬಂದ ನೆಂಟರನ್ನು ಕರೆದುಕೊಂಡು ಹೋದ ಅವಸರದ ಒಂದು ಮಧ್ಯಾಹ್ನದಲ್ಲಿ. ಮಧುಕೇಶ್ವರನಿಗೆ ಕೈಮುಗಿದು, ಒಂದು ಕಣ್ಣಿನಿಂದ ಶಿವನನ್ನೂ ಮತ್ತೊಂದರಿಂದ ಪಾರ್ವತಿಯನ್ನೂ ನೋಡುವುದೆಂದು ಜನ ನಂಬಿರುವ ನಂದಿಯನ್ನು ಸುತ್ತಿ, ಸೋದೆಯ ಅರಸರ ಕೊಡುಗೆಯಾದ ಕಲ್ಲುಮಂಚದ ಕುಸುರಿಗೆ ಬೆರಗಾಗಿ, ಗಂಟೆಯೊಳಗೆ ಹಿಂದಿರುಗಿದೆವು. ಕದಂಬರ ರಾಜಧಾನಿಯನ್ನು ನೋಡಿದೆನೆಂಬ ತೃಪ್ತಿಯು ಬಹುಕಾಲ ನನ್ನಲ್ಲಿತ್ತು.

ಅನೇಕ ವರುಷಗಳ ತರುವಾಯ, ಮಳಗಿಯ ಮಾರ್ಗವಾಗಿ ಒಬ್ಬನೇ ಹೋಗಿ ಎರಡು ರಾತ್ರಿ ಅಲ್ಲಿ ತಂಗಿದೆನು. ವರದೆಯು ಮೂರು ಕಡೆ ಬಳಸಿ ಹರಿಯುವ ಆ ಪುಟ್ಟ ಊರಿನಲ್ಲಿ, ದೇಗುಲದ ಗಂಟೆಯ ನಾದವಡಗಿದ ಮೇಲೆ, ತೇರುಬೀದಿಯಲ್ಲಿ ನಡೆವವನಿಗೆ ತನ್ನ ಹೆಜ್ಜೆಯ ಸಪ್ಪಳವೇ ಕೇಳಿಸುವಷ್ಟು ನೀರವತೆ. ಅಂಥ ಒಂದು ಸಂಜೆ, ಪ್ರಾಕಾರದೊಳಗಿನ ಐದು ಹೆಡೆಯ ನಾಗಶಿಲೆಯ ಮುಂದೆ ಊರ ಹಿರಿಯರೊಬ್ಬರು ನನ್ನ ಕೈಯ ಬ್ಯಾಟರಿಯನ್ನು ತೆಗೆದುಕೊಂಡು, "ಎದುರಿಗೆ ಹಿಡಿದರೆ ಕಲ್ಲಷ್ಟೇ ಕಾಣುತ್ತದೆ ತಮ್ಮಾ, ಬದಿಯಿಂದ ಹಿಡಿ, ಅಕ್ಷರ ಏಳುತ್ತವೆ" ಎಂದರು. ಹಿಂದೆ ಸಾಮಾನ್ಯ ನಾಗರಕಲ್ಲೆಂದು ದಾಟಿಹೋಗಿದ್ದ ಆ ಶಿಲೆಯ ಅಂಚುಗಳಲ್ಲಿ ಬ್ರಾಹ್ಮೀ ಲಿಪಿಯು ಸಾಲುಸಾಲಾಗಿ ಮೂಡಿಬಂದಿತು. ಸುಮಾರು 2ನೆಯ ಶತಮಾನದ ಆ ಪ್ರಾಕೃತ ಶಾಸನವು, ಚುಟು ವಂಶದ ರಾಜಕುಮಾರಿಯೊಬ್ಬಳು ನಾಗ, ಕೆರೆ, ವಿಹಾರ ಈ ಮೂರನ್ನು ದಾನವಿತ್ತುದನ್ನೂ, ಶಿಲ್ಪಿ ನಟಕನ ಹೆಸರನ್ನೂ ಹೇಳುತ್ತದೆ.

ವಿಹಾರವೆಂಬ ಆ ಒಂದು ಪದದಲ್ಲಿ ನನ್ನ ಮನಸ್ಸು ನಿಂತುಬಿಟ್ಟಿತು. 1966ರಲ್ಲಿ ನಮ್ಮ ತಾಲೂಕಿನಲ್ಲಿ ನೆಲೆಯೂರಿದ ಟಿಬೆಟಿಯನ್ನರ ಡ್ರೆಪುಂಗ್, ಗಾಂದೆನ್ ವಿಹಾರಗಳ ಮಂತ್ರಘೋಷವನ್ನು ಬಾಲ್ಯದಿಂದ ಕೇಳುತ್ತಿದ್ದರೂ, ಬುದ್ಧನನ್ನು ನಮ್ಮ ಸೀಮೆಗೆ ಇತ್ತೀಚೆಗೆ ಬಂದ ಅತಿಥಿಯೆಂದೇ ನಾನು ಎಣಿಸಿದ್ದೆನು. ಟಿಬೆಟಿನ ಪರಂಪರೆ ಬೇರೆಯದಾದರೂ, ಕದಂಬ ಮಯೂರಶರ್ಮನಿಗಿಂತ ಮುಂಚೆಯೇ ವರದೆಯ ದಂಡೆಯಲ್ಲಿ ಭಿಕ್ಷುಗಳಿಗೆ ನೆರಳನ್ನೊದಗಿಸಿದವಳು ಈ ನಾಡಿನ ಒಬ್ಬ ಹೆಣ್ಣುಮಗಳು.

ಹಳೆಯ ಊರುಗಳನ್ನು ನೋಡಬೇಕೆನ್ನುವವರಿಗೆ ನಾನು ಕಲಿತುದನ್ನು ಹೇಳಬಯಸುತ್ತೇನೆ: ಪಟ್ಟಿ ಹಿಡಿದು ಹೋಗಬೇಡಿರಿ; ಒಂದು ರಾತ್ರಿಯಾದರೂ ತಂಗಿರಿ; ಅಲ್ಲಿ ಬಾಳುವವರನ್ನು ವಿನಯದಿಂದ ಕೇಳಿರಿ; ನೋಡಿದ ಕಲ್ಲನ್ನೇ ಮತ್ತೊಮ್ಮೆ ನೋಡಿರಿ. ನಾನಂತೂ ಮನೆಗೆ ಮರಳಿದ ಸಂಜೆ, ದಿನವೂ ಕೇಳುತ್ತಿದ್ದ ಆ ಮಂತ್ರಘೋಷಕ್ಕೆ ಮೊದಲ ಬಾರಿಗೆ ಅಂಗಳದಲ್ಲಿ ನಿಂತು ಕಿವಿಗೊಟ್ಟೆನು.