ಅರ್ಧ ನೋಡಿದ ಸಿನೆಮಾ

ಕುರನೂರ, ತಾ. ಅಕ್ಕಲಕೋಟ

ಮೊಮ್ಮಗ ತಮ್ಮನಿಗೆ,

ಬೋರಿ ಹೊಳಿಯ ಡ್ಯಾಮಿಗೆ ಈ ಸಲ ಛಲೋ ನೀರು ಬಂದಿದೆ. ಆಯಿಯ ಮೊಣಕಾಲು ನೋವು ಮಾತ್ರ ಇದ್ದಲ್ಲೇ ಇದೆ.

ಮೊನ್ನೆ ನೀನು ಫೋನಿನಲ್ಲಿ ಅತ್ತಂತೆ ಮಾತಾಡಿದ ರಾತ್ರಿ ನನಗೂ ನಿದ್ದೆ ಹತ್ತಲಿಲ್ಲ. ಎರಡು ವರ್ಷ ಗೆಳೆಯರೆಲ್ಲ ಕೂಡಿ, ಪಗಾರ ಉಳಿಸಿ ಮಾಡಿದ ಕಿರುಚಿತ್ರ. ನೀವು ಬಿಡುಗಡೆ ಮಾಡುವ ಮೊದಲೇ ಯಾವನೋ ಕದ್ದು ಊರೆಲ್ಲ ಹಂಚಿದನೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಅದು ಕಳವೇ. ಅದಕ್ಕೆ ನಾನು ಬೇರೆ ಹೆಸರಿಡುವುದಿಲ್ಲ. ಆದರೆ ಫೋನ್ ಇಡುವಾಗ ನೀನು ಅಂದ ಮಾತು ಮನಸ್ಸಿನಲ್ಲಿ ನೆಟ್ಟುಕೊಂಡು ಕೂತಿದೆ: "ಇಂಥವರನ್ನ ಗೂಂಡಾ ಕಾಯ್ದೆದಾಗ ಒಳಗ ಹಾಕಬೇಕು ಮುತ್ಯಾ, ಅಂಥ ಸೈಟೆಲ್ಲಾ ಬಂದ್ ಮಾಡಿಬಿಡಬೇಕು."

ಹೊಸದಾಗಿ ಬರಬೇಕಿಲ್ಲ, ಅಂಥ ಕಾಯ್ದೆ ಇದೆ. ಕೊಳೆಗೇರಿ ದಾದಾಗಳು, ಕಳ್ಳಭಟ್ಟಿಯವರು ಇಂಥವರಿಗೆಂದು ನಮ್ಮ ಮಹಾರಾಷ್ಟ್ರ 1981ರಲ್ಲಿ ಮಾಡಿದ ಕಾಯ್ದೆಗೆ 2009ರಲ್ಲಿ 'ವಿಡಿಯೊ ಪೈರೇಟ್'ಗಳನ್ನೂ ಸೇರಿಸಿದರು. ಗಡಿ ದಾಟಿ ಆಳಂದಕ್ಕೆ ಹೋದರೆ ಅಲ್ಲಿ ಕರ್ನಾಟಕದ 1985ರ ಗೂಂಡಾ ಕಾಯ್ದೆ. ಅದರೊಳಗೂ ಪೈರಸಿ ಇದೆ, 2014ರಲ್ಲಿ 'ಡಿಜಿಟಲ್ ಅಪರಾಧಿ' ಎಂಬ ಹೊಸ ಹೆಸರೂ ಬಂತು. ಈ ಕಾಯ್ದೆಗಳಲ್ಲಿ ಮಾಡಿದ್ದಕ್ಕೆ ಶಿಕ್ಷೆ ಎಂಬುದಿಲ್ಲ; ಮುಂದೆ ಮಾಡಿಯಾನೆಂಬ ಗುಮಾನಿಗೆ ಬಂಧನ. ವಿಚಾರಣೆ ಇಲ್ಲದೆ ಹನ್ನೆರಡು ತಿಂಗಳವರೆಗೆ ಇಡಬಹುದು. ಸಲಹಾ ಮಂಡಳಿಯ ಮುಂದೆ ವಕೀಲನನ್ನು ಕರೆದುಕೊಂಡು ಹೋಗುವ ಹಕ್ಕೂ ಇಲ್ಲ. ಕಳ್ಳನಿಗೆ ಸಾಧಾರಣ ಕಾನೂನು ಇಲ್ಲವೆಂದಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲೇ ಆರು ತಿಂಗಳಿಂದ ಮೂರು ವರ್ಷದ ಸಜೆ ಇದೆ. ಥೇಟರಿನಲ್ಲಿ ಕದ್ದು ಚಿತ್ರೀಕರಿಸುವವನಿಗೆ 2023ರ ಸಿನೆಮಟೋಗ್ರಾಫ್ ತಿದ್ದುಪಡಿಯ ಪ್ರಕಾರ ದಂಡ ಮೂರು ಲಕ್ಷದಿಂದ ಶುರು. ಇವು ಕೋರ್ಟಿನ ಕಟ್ಟೆ ಹತ್ತಿ, ಸಾಕ್ಷಿ ಕೇಳಿ, ಆಮೇಲೆ ಬೀಳುವ ಪೆಟ್ಟು. ನಿನ್ನ ಸಿಟ್ಟಿಗೆ ಅಷ್ಟು ತಾಳ್ಮೆ ಇಲ್ಲ, ಗೊತ್ತು.

ನನ್ನದೊಂದು ಕಳವನ್ನೂ ಹೇಳಿಬಿಡುತ್ತೇನೆ, ಆಯಿಯ ಮುಂದೆ ಓದಬೇಡ. ಕನ್ನಡ ಸಾಲೆಯಲ್ಲಿ ಮಾಸ್ತರನಾಗಿದ್ದಾಗ ಪಠ್ಯಪುಸ್ತಕ ಪುಣೆಯ ಬಾಲಭಾರತಿಯಿಂದ ಬರುತ್ತಿತ್ತು. ಅದರಾಚೆ ಓದಿಸಲು ಕನ್ನಡ ಪುಸ್ತಕ ಬೇಕೆಂದರೆ ಕಲಬುರಗಿಗೋ ವಿಜಯಪುರಕ್ಕೋ ಬಸ್ಸು ಹತ್ತಬೇಕು. ಒಂದು ಸಲ ಮುದ್ರಣ ನಿಂತುಹೋದ ವ್ಯಾಕರಣದ ಪುಸ್ತಕವೊಂದನ್ನು ಸೋಲಾಪುರದಲ್ಲಿ ಝೆರಾಕ್ಸ್ ಮಾಡಿಸಿ, ಹೊಲಿದು, ಹುಡುಗರಿಗೆ ಹಂಚಿದೆ. ಬಹಳ ವರ್ಷ ಅಳುಕಿತ್ತು. ದಿಲ್ಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ದೊಡ್ಡ ಪ್ರಕಾಶಕರು ಹೂಡಿದ ದಾವೆಯನ್ನು 2016ರಲ್ಲಿ ಅಲ್ಲಿನ ಹೈಕೋರ್ಟು ತಳ್ಳಿಹಾಕಿ, ಪಾಠಕ್ಕಾಗಿ ಮಾಡುವ ಪ್ರತಿಗೆ ಕಾನೂನೇ ಜಾಗ ಬಿಟ್ಟಿದೆ ಎಂದಾಗ ಮನಸ್ಸು ಹಗುರಾಯಿತು. ನಾನು ಇಡೀ ಪುಸ್ತಕವನ್ನೇ ಮಾಡಿಸಿದ್ದೆನಲ್ಲ, ಆದ್ದರಿಂದ ಪೂರ್ತಿ ಹಗುರಾಗಲಿಲ್ಲ.

ಈಗ ನನಗೆ ಬಸ್ಸು ಬೇಡ. ನೀನೇ ಕಲಿಸಿಕೊಟ್ಟೆಯಲ್ಲ, ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕುವುದನ್ನು. ಹಳೆಯ ಕನ್ನಡ ಪುಸ್ತಕಗಳು ಅಲ್ಲಿ ಪುಟಪುಟವಾಗಿ ಫೋಟೊ ಹಿಡಿಸಿಕೊಂಡು ಕೂತಿವೆ. ಕುರನೂರಿನ ಕಟ್ಟೆಯ ಮೇಲೆ ಕೂತು ತೆರೆಯುತ್ತೇನೆ. ಗಡಿಯ ಈಚೆ ಇರುವವರಿಗೆ ಅದೇ ನಮ್ಮ ವಾಚನಾಲಯ. 2017ರ ಆಗಸ್ಟಿನಲ್ಲಿ ಒಮ್ಮೆ ಅದಕ್ಕೆ ಬೀಗ ಬಿದ್ದಿತ್ತು. ದೂರಸಂಪರ್ಕ ಇಲಾಖೆಯ ಆದೇಶದಂತೆ ತಡೆಯಲಾಗಿದೆ ಎಂಬ ಒಂದು ಸಾಲು, ಅಷ್ಟೇ. 'ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ', 'ಜಬ್ ಹ್ಯಾರಿ ಮೆಟ್ ಸೇಜಲ್' ಎಂಬ ಎರಡು ಹಿಂದಿ ಸಿನೆಮಾ ಕಾಯಲೆಂದು ಮದ್ರಾಸ್ ಹೈಕೋರ್ಟಿನಿಂದ ಆದೇಶ ತಂದಿದ್ದರು. 2,600ಕ್ಕೂ ಹೆಚ್ಚು ಜಾಲತಾಣಗಳ ಪಟ್ಟಿಯಲ್ಲಿ ಆರ್ಕೈವ್ ಕೂಡ ಸಿಕ್ಕಿಬಿದ್ದಿತ್ತು. ಶಾರುಖ್ ಖಾನನಿಗೂ ನನ್ನ ವ್ಯಾಕರಣದ ಪುಸ್ತಕಕ್ಕೂ ಏನು ಸಂಬಂಧ ಹೇಳು! ಇಂಥ ದಾವೆಗಳಲ್ಲಿ ಪ್ರತಿವಾದಿ ಯಾರೆಂದು ಗೊತ್ತಿರುವುದಿಲ್ಲವಾದ್ದರಿಂದ ಕಾಗದದ ಮೇಲೆ 'ಅಶೋಕ ಕುಮಾರ' ಎಂದು ಬರೆಯುವುದುಂಟು. ಅಶೋಕ ಕುಮಾರ ಎಂದರೆ ಯಾರೂ ಆಗಬಹುದು. ಆ ಸಲ ನಾನೂ ಆದೆ.

ಸರಿಯಾದ ದಾರಿ ಯಾವುದೆಂದು ನಮ್ಮ ಮುಂಬಯಿ ಹೈಕೋರ್ಟೇ ಅದರ ಹಿಂದಿನ ವರ್ಷ ತೋರಿಸಿತ್ತು. 2016ರಲ್ಲಿ 'ಢಿಶೂಮ್' ಸಿನೆಮಾದವರು ಬಂದಾಗ ನ್ಯಾಯಮೂರ್ತಿ ಗೌತಮ್ ಪಟೇಲರು ಇಡೀ ಜಾಲತಾಣಗಳನ್ನು ಸಾರಾಸಗಟು ಮುಚ್ಚಿಸಲು ಒಪ್ಪಲಿಲ್ಲ. ಒಂದೊಂದು ಕೊಂಡಿಯನ್ನೂ ಪರೀಕ್ಷಿಸಿ, ಪ್ರಮಾಣ ಮಾಡಿ ಪಟ್ಟಿ ಕೊಡಿ ಎಂದರು. ಮುಚ್ಚಿದ ಪುಟದ ಮೇಲೆ ಯಾವ ದಾವೆಯಿಂದ ಮುಚ್ಚಿದೆ, ತಕರಾರಿದ್ದವರು ಎಲ್ಲಿಗೆ ಬರಬೇಕು ಎಂದೂ ಬರೆಯಿಸಿದರು. ಜಿಪುಣ ಲೆಕ್ಕಿಗನ ಕೆಲಸ. ನನಗೆ ಅದೇ ಹಿಡಿಸಿದ್ದು.

ನೀನು ಆರನೆಯ ಇಯತ್ತೆಯಲ್ಲಿದ್ದಾಗ, 2012ರ ಜನವರಿ 18ಕ್ಕೆ, ಇಂಗ್ಲಿಷ್ ವಿಕಿಪೀಡಿಯ ಇಡೀ ದಿನ ಕಪ್ಪಾಗಿತ್ತು. ಪ್ರಾಜೆಕ್ಟ್ ಬರೆಯಲಾಗಲಿಲ್ಲವೆಂದು ಕುಣಿದಾಡಿದ್ದಿ. ಅಮೆರಿಕದಲ್ಲಿ ಪೈರಸಿ ತಡೆಯಲೆಂದು ತಂದ ಎರಡು ಮಸೂದೆಗಳ ವಿರುದ್ಧ ಮಾಡಿದ ಹರತಾಳ ಅದು. ಎರಡೇ ದಿನಕ್ಕೆ ಅಲ್ಲಿನ ನಾಯಕರು ಮಸೂದೆಗಳನ್ನು ಬದಿಗಿಟ್ಟರು. ನಮ್ಮಲ್ಲಿ ಆರ್ಕೈವ್ ಮುಚ್ಚಿದಾಗ ಅಷ್ಟು ಗದ್ದಲವಾಗಲಿಲ್ಲ. ಓದುವವರು ಕಡಿಮೆ, ಮುದುಕರು ಜಾಸ್ತಿ ಇರಬೇಕು.

ನೀನು ಪೊಲೀಸರಿಗೆ ಫಿರ್ಯಾದಿ ಕೊಡು, ತಪ್ಪಿಸಬೇಡ. ಆ ಕೊಂಡಿಯನ್ನು ತೆಗೆಸು. ಕದ್ದವನ ಹೆಸರು ಸಿಕ್ಕರೆ ಕೋರ್ಟಿಗೆ ಎಳೆ. ವಕೀಲರ ಫೀಗೆ ನನ್ನ ಪೆನ್ಶನ್ನಿನಿಂದ ಕೊಡುತ್ತೇನೆ. ಗೂಂಡಾ ಕಾಯ್ದೆ ಎಂಬ ಮಾತು ಮಾತ್ರ ಅರ್ಜಿಯಲ್ಲಿ ಬರೆಯಬೇಡಪ್ಪಾ.

ಇನ್ನೊಂದು. ನಿನ್ನ ಸಿನೆಮಾ ನಮ್ಮ ಊರಿನ ವಾಟ್ಸಾಪ್ ಗುಂಪಿಗೂ ಬಂದಿತ್ತು. ನಿನ್ನದೆಂದು ಗೊತ್ತಿಲ್ಲದೆ ಒತ್ತಿದೆ. ನಮ್ಮ ಹೊಲ, ಬೇವಿನ ಗಿಡ, ಆಯಿಯ ಧ್ವನಿ ಬಂದವು. ಅಲ್ಲಿಗೆ ನಿಲ್ಲಿಸಿದೆ. ದೀಪಾವಳಿಗೆ ಬಂದಾಗ ಉಳಿದರ್ಧ ನೀನೇ ತೋರಿಸು.

ನಿನ್ನ
ಮುತ್ಯಾ